ಒಂದೇ ಸಾಲಿನ ಇಬ್ಬರು

ಮೇಡಂ ಯಾವ ಯಂತ್ರದ ತೆರೆಯನ್ನೂ ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ಬಲಗೈಯ ಕಿರುಬೆರಳನ್ನು ಮಡಿಸಿ, ಅದರ ಗೆಣ್ಣಿನಿಂದ ಪಕ್ಕದ ಮನೆಯ ಬಾಗಿಲು ಬಡಿಯುವ ಹಾಗೆ ಮೆಲ್ಲಗೆ ಕುಟ್ಟುತ್ತಿದ್ದರು. ಅವರ ಫೋನು, ಬ್ಯಾಂಕಿನ ಯಂತ್ರ, ದವಾಖಾನೆಯಲ್ಲಿ ಚೀಟಿ ಕೊಡುವ ಯಂತ್ರ, ಎಲ್ಲಕ್ಕೂ ಅದೇ ಗೆಣ್ಣು. ಕಾರಣ ಶೇಂಗಾ. ಸೂರತ್ತಿಗೆ ಹೋಗಿ ಬರುವ ಯಾರಿಂದಲಾದರೂ ಭರೂಚ್ ಸ್ಟೇಷನ್ನಿನ ಉಪ್ಪು ಶೇಂಗಾ ತರಿಸಿಕೊಂಡು, ದಿನವಿಡೀ ಒಂದೊಂದೇ ಕಾಳು ತಿಕ್ಕಿ, ಸಿಪ್ಪೆ ಊದಿ ತಿನ್ನುವವರು ಅವರು. ಬೆರಳುಗಳಿಗೆ ಉಪ್ಪು, ಎಣ್ಣೆ ಎರಡೂ ಅಂಟಿರುತ್ತಿದ್ದವು. ಸೆರಗಿನ ಮೇಲೆ ಕೆಂಪು ಸಿಪ್ಪೆ ಇಲ್ಲದ ಮೇಡಂ ಅವರನ್ನು ನಾನು ಕಂಡದ್ದು ಒಂದೇ ಸಲ. ಆ ದಿನ ಅದನ್ನು ಕೊಡವಿದವರು ಬೇರೆಯವರು.

ವಡೋದರೆಯ ಗೋರ್ವಾದಲ್ಲಿ ನಮ್ಮದು ಎರಡನೇ ಮಹಡಿ, ಅವರದು ನೆಲಮಹಡಿ. ನನ್ನ ತಂದೆ ಬ್ಯಾಂಕಿನ ವರ್ಗಾವಣೆಯ ಮೇಲೆ ದಾವಣಗೆರೆಯಿಂದ ಬಂದವರು; ಮೂರು ವರ್ಷಕ್ಕೆಂದು ಬಂದು, ಹೋಗುವುದನ್ನು ಮರೆತವರು. ಮೇಡಂ ಧಾರವಾಡದ ಕಡೆಯವರು, ವಿಮಾ ಕಚೇರಿಯಲ್ಲಿ ಅಧಿಕಾರಿ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ “ಟೈಮ್ ಸಿಗಲಿಲ್ರಿ” ಎನ್ನುತ್ತಿದ್ದರು, ಬಸ್ಸು ತಪ್ಪಿಸಿಕೊಂಡವರ ಧಾಟಿಯಲ್ಲಿ. ಹೊಸದಾಗಿ ವರ್ಗವಾಗಿ ಬಂದ ಕನ್ನಡದ ಸಂಸಾರಗಳಿಗೆ ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಸಿಹಿಯಿಲ್ಲದ ಸಾರು ಯಾವ ಖಾನಾವಳಿಯಲ್ಲಿ ಸಿಗುತ್ತದೆಂದು ಹೇಳುವುದು, ಎಲ್ಲ ಅವರೇ. ಇದನ್ನು ಯಾರಾದರೂ ಸೇವೆ ಎಂದು ಕರೆದರೆ ಸಿಟ್ಟಿಗೇಳುತ್ತಿದ್ದರು.

ಅವರ ಬಾಯಲ್ಲಿ ಸದಾ ಇದ್ದ ಗುಜರಾತಿ ಮಾತು ‘ಚಾಲ್ಶೆ’. ನಡೆಯುತ್ತದೆ, ಇರಲಿ ಬಿಡು ಎಂದು ಅರ್ಥ. ಅವರ ಮನೆಯ ಫ್ಯಾನು ಕಟಕಟ ಎನ್ನುತ್ತಿತ್ತು, ಚಾಲ್ಶೆ. ಹಾಲಿನವನು ಎಮ್ಮೆಯ ಹಾಲೆಂದು ಇನ್ನೇನನ್ನೋ ಅಳೆಯುತ್ತಿದ್ದ, ಚಾಲ್ಶೆ. ಬಡ್ತಿಯಲ್ಲಿ ಕಿರಿಯರು ಅವರನ್ನು ದಾಟಿ ಹೋದಾಗಲೂ ಚಾಲ್ಶೆ. ಆದರೆ ಬೇರೆಯವರ ಕೆಲಸದ ಮಾತು ಬಂದಾಗ ಈ ಪದ ತಮಗೆ ಗೊತ್ತೇ ಇಲ್ಲ ಎನ್ನುವಂತೆ ನಡೆದುಕೊಳ್ಳುತ್ತಿದ್ದರು. ಶಾಲೆಯವರು ಸೀಟು ಇಲ್ಲ ಎಂದರೆ, ಇದೆ ಎನ್ನುವವರೆಗೂ ಹೆಡ್‌ಮಾಸ್ತರರ ಎದುರಿನ ಕುರ್ಚಿ ಬಿಡದೆ ಕೂತು ಶೇಂಗಾ ತಿನ್ನುತ್ತಿದ್ದರು.

ನಾನು ಹುಟ್ಟಿದ್ದು, ಬೆಳೆದದ್ದು ವಡೋದರೆಯಲ್ಲೇ. ಚಿಕ್ಕವಳಿದ್ದಾಗ ನನ್ನ ಕನ್ನಡ ಅಪ್ಪ ಅಮ್ಮನಿಗೆ ಮಾತ್ರ ಅರ್ಥವಾಗುವಂಥದ್ದು. “ನಿನ್ನ ಕನ್ನಡಕ್ಕ ಯಾರೋ ಬೆಲ್ಲ ಹಾಕ್ಯಾರ ನೋಡು, ಇಲ್ಲಿಯವರು ದಾಲಿಗೆ ಹಾಕಿದಂಗ” ಎಂದು ಮೇಡಂ ನಗುತ್ತಿದ್ದರು. ನಕ್ಕು ಸುಮ್ಮನಾಗಲಿಲ್ಲ. ರಜೆಯ ದಿನಗಳಲ್ಲಿ ಕೆಳಗೆ ಕರೆಸಿ, ಊರಿನಿಂದ ಬಂದ ಹಳೆಯ ಕನ್ನಡ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪಿದ ಕಡೆ ತಿದ್ದುತ್ತಿರಲಿಲ್ಲ. ಶೇಂಗಾ ತಿಕ್ಕುವುದನ್ನು ನಿಲ್ಲಿಸುತ್ತಿದ್ದರು. ಆ ಸದ್ದು ನಿಂತಿತೆಂದರೆ ಎಲ್ಲೋ ಎಡವಿದ್ದೇನೆಂದು ನಾನೇ ಹಿಂದೆ ಹೋಗಿ ಹುಡುಕಬೇಕು. ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಸಿಪ್ಪೆಗಳ ಕೃಪೆ.

ಈಗ ನನ್ನ ಕೆಲಸ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ಒಂದು ಕಚೇರಿಯಲ್ಲಿ. ಕೇಳಿದವರಿಗೆ ಜಾಲಚಿತ್ರ ಮಾಡಿಕೊಡುತ್ತೇವೆ. ಮನುಷ್ಯರೋ ಅಂಗಡಿಗಳೋ ಒಂದೊಂದು ಚುಕ್ಕಿ. ಅವರ ನಡುವಿನ ಸಂಬಂಧ ಒಂದೊಂದು ಗೆರೆ. ತೆರೆಯ ಮೇಲೆ ಒಂದು ಚುಕ್ಕಿಯನ್ನು ಹಿಡಿದೆಳೆದರೆ ಅದಕ್ಕೆ ಅಂಟಿದ ಗೆರೆಗಳೆಲ್ಲ ಅದರ ಹಿಂದೆ ಬರುತ್ತವೆ. ಮೊದಲ ಸಲ ತೋರಿಸಿದಾಗ ಮೇಡಂ, “ರಂಗೋಲಿ ಹಾಕಾಕ ಎ.ಸಿ. ಆಫೀಸು ಬೇಕಾತೇನು ನಿಮಗ?” ಎಂದರು. ಆದರೆ ಅದನ್ನು ಮರೆಯಲಿಲ್ಲ.

ಅವರು ನಿವೃತ್ತರಾದ ಮೇಲಿನ ಮಾತು. ವಡೋದರೆಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ, ಹಿಂದಿನ ಅಧ್ಯಕ್ಷರ ಫೋಟೋಗಳಿಗೆಲ್ಲ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದೆಂದು ಸಮಿತಿ ತೀರ್ಮಾನಿಸಿತ್ತು. ಮೇಡಂ ಎದ್ದು ನಿಂತರು. “ಅಧ್ಯಕ್ಷರ ಮಾರಿ ಹೆಂಗೂ ವರ್ಷಾ ನೋಡ್ತೀವಿ. ಯಾರ ಕೈ ಹಿಡದು ಯಾರು ಈ ನಾಡಿನ್ಯಾಗ ನಿಂತರು ಅನ್ನೂದು ತೋರಸ್ರಿ. ಅಹಮದಾಬಾದ್, ವಡೋದರಾ, ಸೂರತ್, ಮೂರೂ ಊರಿಂದು” ಎಂದರು. ಆಮೇಲೆ ಗೆಣ್ಣಿನಿಂದ ನನ್ನ ಭುಜ ಕುಟ್ಟಿ, “ಈಕಿ ಮಾಡ್ತಾಳ” ಎಂದು ಕೂತುಬಿಟ್ಟರು. ನನ್ನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೀಗೆ ಕೆಲಸ ಶುರುವಾಯಿತು. ವಾರದ ಕೊನೆಗೆ ನಾನು ಅಹಮದಾಬಾದಿನಿಂದ ಗೋರ್ವಾಕ್ಕೆ ಬಂದಾಗಲೆಲ್ಲ ಮೇಡಂ ಮುಂದೆ ಲ್ಯಾಪ್‌ಟಾಪ್ ತೆರೆದಿಡುವುದು, ಬೈಸಿಕೊಳ್ಳುವುದು. ಮೊದಲ ಸಲ ಕಸುಬಿನ ವಾಡಿಕೆಯಂತೆ ಗೆರೆಗಳ ತುದಿಗೆ ಬಾಣ ಇಟ್ಟಿದ್ದೆ: ನೆರವಾದವರಿಂದ ಹೊರಟು ನೆರವು ಪಡೆದವರಿಗೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಇದೇನವಾ, ಯುದ್ಧಾ ಹೂಡೀಯಲ್ಲ. ಎಲ್ಲಾರ ಎದಿಗೂ ಬಾಣಾ ಹೊಡದೀ.”

“ಯಾರಿಂದ ಯಾರಿಗೆ ಅಂತ ಗೊತ್ತಾಗಬೇಕಲ್ಲ ಮೇಡಂ?”

“ಗೊತ್ತಾಗಲಿ. ಚುಚ್ಚೂದು ಬ್ಯಾಡ.”

ಬಾಣ ತೆಗೆದು ಗೆರೆಗೇ ಬಣ್ಣ ಹಚ್ಚಿದೆ. ಅಹಮದಾಬಾದಿಗೆ ನೀಲಿ, ವಡೋದರೆಗೆ ಹಸಿರು, ಸೂರತ್ತಿಗೆ ಕಿತ್ತಳೆ. ಗೆರೆ ಒಬ್ಬರ ಬಣ್ಣದಲ್ಲಿ ಹೊರಟು, ಹೋಗುತ್ತ ಹೋಗುತ್ತ ಇನ್ನೊಬ್ಬರ ಬಣ್ಣವಾಗುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ಮೇಡಂಗೆ ಇದು ಹಿಡಿಸಿತು. ಆದರೆ ತಕ್ಷಣ ಕೇಳಿದರು, “ಇಬ್ಬರೂ ಸೂರತ್ತಿನವರ ಆದ್ರ? ಬರೇ ಕಿತ್ತಳಿ ಗೆರಿ ಆತಲ್ಲ. ಯಾರು ಕೊಟ್ರು, ಯಾರು ತಗೊಂಡ್ರು?” ಸರಿಯಾದ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿದೆ: ಹೊರಡುವ ತುದಿ ಗಾಢ, ತಲುಪುವ ತುದಿ ತೆಳು. ಹಾಗೇ ಮಾಡಿ ತೋರಿಸಿದೆ. ಶೇಂಗಾ ತಿಕ್ಕುವ ಸದ್ದು ನಿಂತಿತು.

“ತಗೊಂಡವರು ಯಾಕ ಮಬ್ಬಾಗಬೇಕು?” ಎಂದರು. “ಉಲ್ಟಾ ಮಾಡು. ಕೊಟ್ಟವರ ಬಣ್ಣ ಕಳೀಬೇಕು. ತಗೊಂಡವರದು ತುಂಬಬೇಕು. ಇಲ್ಲಂದ್ರ ಕೊಟ್ಟಿದ್ದೇನು?”

ಉಲ್ಟಾ ಮಾಡಿದೆ. ಕಸುಬಿನಲ್ಲಿ ನನಗಿಂತ ಹಿರಿಯರು ಇದನ್ನು ನೋಡಿದರೆ ಹುಬ್ಬು ಗಂಟಿಕ್ಕುತ್ತಾರೆ. ನನಗೆ ಮಾತ್ರ ಈಗ ಬೇರೆ ರೀತಿ ಹಚ್ಚಲು ಕೈ ಬರುವುದಿಲ್ಲ.

ಸಾಲಿನ ನಿಯಮವೂ ಅವರದೇ. ಚುಕ್ಕಿಗಳು ಸಿಕ್ಕಸಿಕ್ಕಲ್ಲಿ ತೇಲಾಡುವುದು ಅವರಿಗೆ ಆಗಿಬರಲಿಲ್ಲ. ಗುಜರಾತಿಗೆ ಮೊದಲು ಬಂದವರು ಮೇಲಿನ ಸಾಲು, ಆಮೇಲೆ ಬಂದವರು ಕೆಳಗೆ, ಒಂದೇ ವರ್ಷ ಬಂದವರು ಒಂದೇ ಸಾಲು. “ಒಂದ ಪಂಕ್ತಿಯೊಳಗ ಊಟಕ್ಕ ಕುಂತವರಂಗ ಇರಬೇಕು. ಒಂದ ಕೂದಲೆಳಿ ಮ್ಯಾಲ ಕೆಳಗ ಆಗಬಾರದು” ಎಂದರು. ಆಗಲಿ ಎಂದೆ. ಯಂತ್ರ ಕೂದಲೆಳೆಗಿಂತ ಕರಾರುವಾಕ್ಕು. ಬೇಕಾದರೆ ಚುಕ್ಕಿಯನ್ನು ಹಿಡಿದು ಸಾಲಿನಿಂದ ಎಳೆದಾಡಬಹುದು, ಕೈಬಿಟ್ಟ ತಕ್ಷಣ ಅದು ತನ್ನ ಸಾಲಿಗೆ ವಾಪಸು ಹೋಗಿ ಕೂರಬೇಕು, ಹಾಗೆ ಮಾಡಿದೆ. ನನ್ನ ಚುಕ್ಕಿ ಎಲ್ಲಿ ಎಂದು ಕೇಳಿದ್ದಕ್ಕೆ, “ನೀ ಎಲ್ಲಿಂದ ಬಂದೀ? ಹುಟ್ಟಿದವರು ಬಂದವರಲ್ಲ” ಎಂದು ಒಂದೇ ಮಾತಿನಲ್ಲಿ ನನ್ನನ್ನು ಚಿತ್ರದಿಂದ ಹೊರಗಿಟ್ಟರು.

ಎಲ್ಲಕ್ಕಿಂತ ಕಟ್ಟುನಿಟ್ಟಿನ ನಿಯಮ ಬೇರೆಯದು. ನೆರವು ಕೊಟ್ಟವರು ಬಾಯಿ ಬಿಡಕೂಡದು. ಪಡೆದವರು ತಾವಾಗಿ ಹೆಸರು ಹೇಳಿದರೆ ಮಾತ್ರ ಗೆರೆ. ಹೋಟೆಲಿನವರಲ್ಲಿ ಇದು ಮೊದಲಿನಿಂದಲೂ ಇರುವ ರೀತಿ: ‘ನಾನು ಅವನನ್ನು ಕರೆಸಿಕೊಂಡೆ’ ಎಂದು ಧಣಿ ಹೇಳುವಂತಿಲ್ಲ; ‘ನನ್ನನ್ನು ಅವರು ಕರೆಸಿಕೊಂಡರು’ ಎಂದು ಬಂದವನು ಹೇಳಬೇಕು. ಮೇಡಂ ಅದಕ್ಕೆ ತಮ್ಮದೊಂದು ಸೇರಿಸಿದರು. “ನನ್ನ ಹೆಸರು ಯಾರು ಹೇಳಿದರು, ಯಾರು ಬಿಟ್ಟರು, ನನಗ ಹೇಳಬ್ಯಾಡ. ಎಲ್ಲಾರ ಜೋಡಿ ನಾನೂ ಅವತ್ತ ನೋಡ್ತೀನಿ.”

ಹೇಳಬೇಡ ಎಂದವರು ಪ್ರತಿ ಸಲವೂ ಒಂದನ್ನು ಮಾತ್ರ ಕೇಳುತ್ತಿದ್ದರು, “ಸೂರತ್ ಮುಗೀತೇನು?” ಅಹಮದಾಬಾದ್ ಮುಗಿಯಿತೇ ಎಂದು ಒಮ್ಮೆಯೂ ಕೇಳಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಸೂರತ್ತಿನ ಸಚಿನ್ ಕೈಗಾರಿಕಾ ವಸಾಹತಿನ ಹತ್ತಿರ ಕುಂದಾಪುರದ ಕಡೆಯ ಹೆಂಗಸೊಬ್ಬರ ಇಡ್ಲಿ ಹೋಟೆಲಿದೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಮೇಡಂ ಮತ್ತು ಅಕ್ಕ ಗುಜರಾತಿಗೆ ಬಂದದ್ದು ಒಂದೇ ವರ್ಷ. ಮೇಡಂ ಮೊದಲು ಸೂರತ್ತಿನಲ್ಲೇ ಇದ್ದರು, ಆ ಕಾಲದಲ್ಲಿ ಇಬ್ಬರೂ ಬಹಳ ಹತ್ತಿರ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಹೋಟೆಲು ಇಟ್ಟ ಸ್ವಲ್ಪ ಕಾಲಕ್ಕೇ ಅಕ್ಕನ ಗಂಡ ತೀರಿಕೊಂಡರು. ಅಕ್ಕ ಹಿಮ್ಮೆಟ್ಟದೆ ಅದನ್ನು ನಡೆಸಿ ದೊಡ್ಡದು ಮಾಡಿದರು. ಕೆಲವು ವರ್ಷಗಳ ಹಿಂದೆ ಸೂರತ್ತಿನಲ್ಲಿ ಮಹಿಳೆಯರ ಸಮಾರಂಭವೊಂದರಲ್ಲಿ ಅವರಿಗೆ ಶಾಲು ಹೊದಿಸಿದಾಗ ನಾನೂ ಮೇಡಂ ಜೊತೆ ಹೋಗಿದ್ದೆ. ಅಕ್ಕ ಮೈಕಿನ ಮುಂದೆ ನಿಂತು ಹೇಳಿದ್ದು ನನಗೆ ನೆನಪಿದೆ. “ಗಂಡ ಹೋದ ಮೇಲೆ ನನ್ನ ಗಲ್ಲಾದಗೆ ನಾನೇ ಕೂತದ್ದ್. ಬೇರೆ ಯಾರೂ ಕೂಕಂಡ್ಲಿಲ್ಲೆ. ನಂಗೆ ಯಾರ ಹಂಗೂ ಇಲ್ಲೆ.”

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಮೇಡಂ ಕೂಡ ತಟ್ಟಿದರು, ಮಡಿಲಿನ ಸಿಪ್ಪೆ ಕೆಳಗೆ ಚೆಲ್ಲುವ ಹಾಗೆ. ಆದರೆ ಆಮೇಲೆ ಅವರು ಸಚಿನ್ ಕಡೆಗೆ ಕಾಲಿಡಲಿಲ್ಲ. ಜಗಳವಿಲ್ಲ, ಮಾತಿಲ್ಲ. ಅಕ್ಕನ ಸುದ್ದಿ ಬಂದರೆ ಫ್ಯಾನಿನ ಕಡೆ ನೋಡುತ್ತಿದ್ದರು.

ಚಿತ್ರವನ್ನು ಮೊದಲು ಅಹಮದಾಬಾದಿನಲ್ಲಿ ಒಬ್ಬ ಹೋಟೆಲು ಧಣಿಗಳ ಮನೆಯಲ್ಲಿ ಪರೀಕ್ಷೆಗೆ ಇಟ್ಟೆವು. ಅಲ್ಲಿ ಒಂದು ಫಜೀತಿ ಆಯಿತು. ಧಣಿಗಳು ಖುಷಿಯಿಂದ ತಮ್ಮ ಚುಕ್ಕಿಯನ್ನು ಹಿಡಿದು ತೆರೆಯ ಎಡದಿಂದ ಬಲಕ್ಕೆ ಎಳೆದರು. ಗೆರೆ ತಿರುಗಿತು, ಬಣ್ಣ ತಿರುಗಲಿಲ್ಲ. ಬಣ್ಣಕ್ಕೆ ಎಡ ಬಲ ಮಾತ್ರ ಗೊತ್ತು, ಮನುಷ್ಯರು ಗೊತ್ತಿಲ್ಲ. ಧಣಿಗಳನ್ನು ಅವರ ಅಡುಗೆಭಟ್ಟರೇ ಊರಿನಿಂದ ಕರೆಸಿಕೊಂಡು ಸಾಕಿದರು ಎಂದು ಚಿತ್ರ ಸಾರತೊಡಗಿತು. ಭಟ್ಟರು ಅಲ್ಲೇ ಕಾಫಿ ಕೊಡುತ್ತಿದ್ದರು. “ಇದನ್ನ ಫ್ರೇಮ್ ಹಾಕ್ಸಿ ಕೊಡಿ ಮಾರಾಯ್ರೆ” ಎಂದರು. ಧಣಿಗಳಾದಿಯಾಗಿ ಎಲ್ಲರೂ ಬಿದ್ದುಬಿದ್ದು ನಕ್ಕರು. ಮೇಡಂ ನಗಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ, “ಇದು ನಗೂ ಮಾತಲ್ಲ. ನಾಳೆ ಇನ್ನೊಬ್ಬರದು ತಿರಗತದ. ಅವರು ನಗೂದಿಲ್ಲ” ಎಂದರು. ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದು, ಚುಕ್ಕಿಗಳು ಎಡ ಬಲ ಬದಲಾದರೆ ಬಣ್ಣವೂ ಬದಲಾಗುವಂತೆ ಒಂದು ಸಾಲು ಬರೆದೆ. ಆನಂದ್ ಸ್ಟೇಷನ್ ದಾಟುವುದರೊಳಗೆ ಸರಿಯಾಯಿತು. ಸುಲಭದ ತೇಪೆ.

ಸೂರತ್ತಿಗೆ ನಾನು ಒಬ್ಬಳೇ ಹೋದೆ. ಅಕ್ಕನ ಹೋಟೆಲಿಗೆ ಊಟಕ್ಕೆ ಬರುವವರಲ್ಲಿ ಹೆಚ್ಚಿನವರು ಬಣ್ಣದ ಕಾರ್ಖಾನೆಗಳ ಕೆಲಸಗಾರರು. ಒಬ್ಬನ ಕೈ ನೀಲಿ, ಇನ್ನೊಬ್ಬನದು ಕುಂಕುಮ. ಕೈತೊಳೆಯುವ ಜಾಗದ ಗೋಡೆ ಎಷ್ಟು ಸಲ ಸುಣ್ಣ ಬಳಿದರೂ ಕೆಳಗಿನಿಂದ ಮೇಲಕ್ಕೆ ಬಣ್ಣ ಹತ್ತಿಕೊಂಡೇ ಇರುತ್ತದೆ. ಅಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ನನ್ನನ್ನು ನೋಡಿ, “ಹ್ವಾಯ್, ಬಂದ್ಯಾ? ಕೂಕೋ. ಮೊದ್ಲ್ ಉಣ್ಣ್” ಎಂದರು. ಉಂಡದ್ದಾಯಿತು. ಅವರು ಬೇರೆ ಬೇರೆ ಮಾತಾಡಿದರು. ಊಟದ ಗದ್ದಲ ಮುಗಿದು ಮೇಜುಗಳು ಖಾಲಿಯಾದ ಮೇಲೆ ನಾನೇ ಕೇಳಿದೆ, ಇಲ್ಲಿ ನಿಲ್ಲಲು ನಿಮಗೆ ಆಸರೆಯಾದವರು ಯಾರೆಂದು ಬರೆಯಲಿ, ಯಾರೂ ಇಲ್ಲವೆಂದರೆ ಹಾಗೇ ಬಿಡುತ್ತೇನೆ ಎಂದು.

ಅಕ್ಕ ಚಿಲ್ಲರೆ ನಾಣ್ಯಗಳನ್ನು ಸರಿಸಿ ಸರಿಸಿ ಜೋಡಿಸಿದರು.

“ನಮ್ಮೋರ್ ಹೋದ್ದೇ ತಡ, ಊರಿಂದ ಮೈದುನ್ರೆಲ್ಲ ಬಂದ್ರ್. ಅಂಗಡಿ ಮಾರಿ ನನ್ನ ಕರ್ಕಂಡ್ ಹೋಪುಕೆ. ಮೇಡಂ ಆಗ ಇಲ್ಲೇ ತಿಂಡಿಗೆ ಬತ್ತಿದ್ರ್. ಗಲ್ಲಾದಗೆ ಬಂದ್ ಕೂಕಂಡ್ರ್ ಕಾಣ್, ಇದೇ ಕುರ್ಚಿಯಗೆ. ‘ಅಂಗಡಿ ಆಕೀದು, ಆಕಿ ಎಲ್ಲೂ ಬರೂದಿಲ್ಲ’ ಅಂದ್ರ್. ಆಮೇಲೆ ದಿನಾ ಬೆಳಿಗ್ಗೆ ಆಫೀಸಿಗೆ ಹೋಪು ಮೊದ್ಲ್ ಬಂದ್ ಕೂಕಂತಿದ್ರ್. ನಾನ್ ಒಳ್ಗೆ ಒಲೆ ಕಾಣ್ತಿದ್ದೆ. ಅವ್ರ್ ಕೂತದ್ದಕ್ಕೆ ಯಾರೂ ಹತ್ರ ಬರ್ಲಿಲ್ಲೆ.”

“ಹಾಗಾದರೆ ಮೈಕಿನಲ್ಲಿ ಯಾಕೆ ಹಾಗೆ ಹೇಳಿದಿರಿ?” ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು.

“ಅವ್ರ್ ನೌಕರಿಯಗಿದ್ದೋರ್, ಬೇರೆ ವ್ಯಾಪಾರ ಮಾಡುಕಾಗ. ಯಾರೋ ದೂರ್ ಕೊಟ್ರ್. ಆಫೀಸಿನೋರ್ ಬಂದ್ ನನ್ನ ಕೇಂಡ್ರ್. ನಾನ್ ದೇವ್ರ ಮೇಲೆ ಆಣೆ ಹಾಕಿ ಹೇಳ್ದೆ, ನನ್ನ ಗಲ್ಲಾದಗೆ ನಾನೇ ಕೂತದ್ದ್, ಬೇರೆ ಯಾರೂ ಕೂಕಂಡ್ಲಿಲ್ಲೆ ಅಂದೇಳಿ. ಅವ್ರ ನೌಕರಿ ಉಳೀತ್, ವಡೋದರಾಕ್ಕೆ ಹಾಕ್ರ್.” ಗಲ್ಲಾಪೆಟ್ಟಿಗೆಯ ಮುಚ್ಚಳ ಹಾಕಿದರು. “ಮೊದ್ಲ್ ಹೇಳದ್ದ್ ಅವ್ರಿಗೋಸ್ಕರ. ಮತ್ತೆ ಯಾರ್ ಕೇಂಡ್ರೂ ಅದೇ ಹೇಳಿ ಹೇಳಿ ಬಾಯಿಗೆ ಬಂದ್ ಹೋಯ್ತ್. ಅವತ್ತ್ ಮೈಕಿನಗೂ ಅದೇ ಬಂತ್. ಜನ ಚಪ್ಪಾಳಿ ತಟ್ರ್ ಅಲ್ದಾ, ನಂಗೂ ಅದೇ ಸಮ ಅಂತ ಕಂಡ್ತ್. ಕೆಳ್ಗೆ ಕಂಡ್ರೆ ಅವ್ರೂ ತಟ್ಟುತ್ತಿದ್ರ್.”

ಇಷ್ಟು ವರ್ಷ ಎರಡು ಮನೆಗಳಲ್ಲಿ ಇಬ್ಬರು ಇದನ್ನು ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದರು ಎಂಬುದು ನನಗೆ ಸಿಟ್ಟು ತರಿಸಿತು. ಒಂದು ಫೋನಿನಲ್ಲಿ ಮುಗಿಯುವ ಮಾತು.

“ಬರಿ” ಎಂದರು ಅಕ್ಕ ಕೊನೆಗೆ. “ಅವ್ರ ಹೆಸ್ರ್ ಬರಿ. ಎಲ್ಲರೂ ಕಾಣ್ಲಿ.”

ಅಲ್ಲೇ, ಅವರೆದುರೇ ಹೆಸರುಗಳ ಪಟ್ಟಿಗೆ ಸೇರಿಸಿದೆ. ಮೇಡಂಗೆ ಹೇಳಲಿಲ್ಲ, ನಿಯಮ ಅವರದೇ. ಆ ವಾರ ಅವರು “ಸೂರತ್ ಮುಗೀತೇನು?” ಎಂದಾಗ “ಮುಗೀತು” ಎಂದಷ್ಟೇ ಹೇಳಿದೆ. ಅವರು ಮತ್ತೊಂದು ಕಾಳು ತಿಕ್ಕಿದರು.

ವಾರ್ಷಿಕೋತ್ಸವದ ದಿನ ಸಂಘದ ಸಭಾಂಗಣದ ಗೋಡೆಯಲ್ಲಿ ದೊಡ್ಡ ತೆರೆ. ಅಕ್ಕ ಭಾನುವಾರ ಹೋಟೆಲು ಬಿಟ್ಟು ಬರಲಾಗದೆಂದು ಡಬ್ಬಿಗಟ್ಟಲೆ ತಿಂಡಿ ಕಳಿಸಿದ್ದರು. ಜನ ತಮ್ಮ ತಮ್ಮ ಚುಕ್ಕಿ ಹುಡುಕಿ ಎಳೆದಾಡಿದರು, ಫೋಟೋ ಹೊಡೆಸಿಕೊಂಡರು, ಒಬ್ಬರನ್ನೊಬ್ಬರು ಛೇಡಿಸಿದರು. ಮಾಜಿ ಅಧ್ಯಕ್ಷರುಗಳು ತಮ್ಮ ಫೋಟೋಗಳ ದುಃಖ ಮರೆತರು. ಮೇಡಂ ಮಾತ್ರ ದೂರದ ಕುರ್ಚಿಯಲ್ಲಿ ಕೂತಿದ್ದರು. ಎಲ್ಲರೂ ಊಟಕ್ಕೆ ಎದ್ದ ಮೇಲೆ ನಿಧಾನವಾಗಿ ತೆರೆಯ ಹತ್ತಿರ ಬಂದರು. ನಾನು ಪಕ್ಕದಲ್ಲಿ ನಿಂತೆ.

ಅವರ ಚುಕ್ಕಿಯಿಂದ ಕೆಳಗಿನ ಸಾಲುಗಳಿಗೆ ಹೊರಟ ಗೆರೆಗಳು ಎಷ್ಟಿದ್ದವೆಂದರೆ, ಅವರೇ ಹೇಳಿದ ನಿಯಮದಂತೆ ಅವರ ಕಡೆಯ ತುದಿಗಳೆಲ್ಲ ತೆಳುವಾಗಿ, ಚುಕ್ಕಿಯ ಸುತ್ತ ಮಂಜು ಕವಿದಂತೆ ಕಾಣುತ್ತಿತ್ತು. ಮೇಡಂ ಅದನ್ನು ನೋಡಲಿಲ್ಲ. ಅದೇ ಸಾಲಿನಲ್ಲಿ ಬಲಕ್ಕೆ, ಒಂದು ಗೇಣು ಆಚೆಗಿದ್ದ ಕಿತ್ತಳೆ ಚುಕ್ಕಿಯನ್ನು ನೋಡಿದರು. ಎರಡರ ನಡುವೆ ಏನೂ ಇರಲಿಲ್ಲ.

“ಇಲ್ಲ ಬಿಡು” ಎಂದರು.

ಗೆರೆ ಸೇರಿಸಿದವಳು ನಾನೇ. “ಇರಬೇಕು ಮೇಡಂ” ಎಂದೆ.

“ಇದ್ದರ ಕಾಣತದವಾ. ಪಾಪ, ಆಕೀಗೆ ಏನು ತ್ರಾಸೋ.” ಕಿರುಬೆರಳ ಗೆಣ್ಣಿನಿಂದ ಅಕ್ಕನ ಚುಕ್ಕಿಯನ್ನು ಮೆಲ್ಲಗೆ ಕುಟ್ಟಿದರು, ಭುಜ ತಟ್ಟುವ ಹಾಗೆ. ಕೈ ಸ್ವಲ್ಪ ಜಾರಿತು. ಚುಕ್ಕಿಯೂ ಒಂದಿಷ್ಟು ಕೆಳಗೆ ಜಾರಿತು. ತಕ್ಷಣ ಇಬ್ಬರ ನಡುವೆ ಗೆರೆ ಮೂಡಿತು: ಮೇಡಂ ಕಡೆಯಿಂದ ತೆಳು ಹಸಿರಾಗಿ ಹೊರಟು, ಅಕ್ಕನ ಹತ್ತಿರ ಗಾಢ ಕಿತ್ತಳೆಯಾಗಿ ಮುಟ್ಟಿದ ಗೆರೆ. ಮೇಡಂ ಬೆಚ್ಚಿ ಕೈ ತೆಗೆದರು. ಚುಕ್ಕಿ ತನ್ನ ಸಾಲಿಗೆ ಮರಳಿತು. ಗೆರೆ ಇಲ್ಲ.

ಇನ್ನೊಮ್ಮೆ ಎಳೆದರು. ಬಂತು. ಬಿಟ್ಟರು. ಹೋಯಿತು.

ಆಗ ನನಗೆ ಹೊಳೆಯಿತು. ಗೆರೆಗೆ ಬಣ್ಣ ಹರಡುವ ಮೊದಲು ಯಂತ್ರ ಅದರ ಸುತ್ತ ಒಂದು ಚೌಕ ಕಟ್ಟಿ, ಇಷ್ಟು ಅಗಲ, ಇಷ್ಟು ಎತ್ತರ ಎಂದು ಅಳೆಯುತ್ತದೆ. ಕೂದಲೆಳೆಯಷ್ಟೂ ಓರೆಯಿಲ್ಲದೆ ಸಮನಾಗಿ ಮಲಗಿದ ಗೆರೆಗೆ ಎತ್ತರವೇ ಇಲ್ಲ. ಅಳತೆ ಸಿಗದೆ ಯಂತ್ರ ಕೈಚೆಲ್ಲುತ್ತದೆ, ಬಣ್ಣವನ್ನೇ ಹಚ್ಚುವುದಿಲ್ಲ. ನೆರವಾಗುವವರು ಸಾಮಾನ್ಯವಾಗಿ ಮೊದಲು ಬಂದವರು, ಪಡೆಯುವವರು ಆಮೇಲೆ ಬಂದವರು. ಆದ್ದರಿಂದ ಚಿತ್ರದ ಗೆರೆಗಳೆಲ್ಲ ಮೇಲಿನಿಂದ ಕೆಳಗೆ ಇಳಿಯುವಂಥವು. ತಾವು ಬಂದ ವರ್ಷವೇ ಬಂದ ಇನ್ನೊಬ್ಬರಿಗೆ, ತಮಗೇ ಕಾಲೂರಲು ನೆಲೆ ಇಲ್ಲದಾಗ ಆಸರೆಯಾದವರು ಮೂರೂ ಊರುಗಳಲ್ಲಿ ಒಬ್ಬರೇ. ಆ ಒಂದು ಗೆರೆ ಮಾತ್ರ ಸಮನಾಗಿ ಮಲಗಿತ್ತು.

ಇದನ್ನೆಲ್ಲ ಗಡಿಬಿಡಿಯಲ್ಲಿ ಮೇಡಂಗೆ ಹೇಳಿದೆ. “ಒಂದೇ ನಿಮಿಷ, ಈಗಲೇ ಸರಿಮಾಡ್ತೀನಿ” ಎಂದು ಲ್ಯಾಪ್‌ಟಾಪ್ ಎತ್ತಿಕೊಂಡೆ.

“ತಡಿ” ಎಂದರು. “ಅಂದ್ರ, ಇಬ್ಬರೂ ಸಮಾ ಕುಂತಾಗ ಕೊಟ್ಟವರು ಯಾರು, ತಗೊಂಡವರು ಯಾರು ಅಂತ ನಿನ್ನ ಯಂತ್ರಕ್ಕ ತಿಳಿಯೂದಿಲ್ಲ.”

“ಹೌದು ಮೇಡಂ, ಅದೇ ತಪ್ಪು.”

“ಇರಲಿ ಬಿಡವಾ. ಚಾಲ್ಶೆ.”

ನನ್ನ ಕೆಲಸಕ್ಕೆ ಅವರು ಆ ಪದ ಬಳಸಿದ್ದು ಅದೊಂದೇ ಸಲ. ನನಗೆ ಒಪ್ಪಿಗೆಯಾಗಲಿಲ್ಲ. “ಯಾರಿಗೂ ಕಾಣೋದಿಲ್ಲ ಮೇಡಂ” ಎಂದೆ.

“ನನಗ ಕಂಡತಲ್ಲ” ಎಂದರು. ಸೆರಗು ಸಿಕ್ಕಿಸಿಕೊಂಡು ಊಟಕ್ಕೆ ಹೋದರು. ಅಕ್ಕ ಕಳಿಸಿದ ತಿಂಡಿಯನ್ನು ಎರಡನೇ ಸಲ ಹಾಕಿಸಿಕೊಂಡದ್ದನ್ನು ನೋಡಿದೆ.

ಮರುದಿನ ಬೆಳಗಿನ ರೈಲಿಗೆ ಅವರು ಸೂರತ್ತಿಗೆ ಹೋದರು. ಭರೂಚಿನಲ್ಲಿ ಶೇಂಗಾವನ್ನು ತಾವೇ ಕೊಂಡರಂತೆ. ಅಲ್ಲಿ ಇಬ್ಬರೂ ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ, ಇಬ್ಬರೂ ಹೇಳಲಿಲ್ಲ. ಆಮೇಲಿನಿಂದ ಸೂರತ್ತಿನಿಂದ ಬರುವವರ ಕೈಯಲ್ಲಿ ಶೇಂಗಾ ಪೊಟ್ಟಣದ ಜೊತೆ ನೀರುದೋಸೆಯ ಡಬ್ಬಿಯೂ ಬರತೊಡಗಿತು. ಚಟ್ನಿ ಚೆನ್ನಾಗಿತ್ತು ಎಂದು ಮಾತ್ರ ಹೇಳಬಲ್ಲೆ. ನನಗೂ ಪಾಲು ಸಿಗುತ್ತಿತ್ತು.

ಮೇಡಂ ತೀರಿಕೊಂಡದ್ದು ಒಂದು ಬೆಳಿಗ್ಗೆ, ತಮ್ಮ ಕುರ್ಚಿಯಲ್ಲೇ. ಹಾಲು ಒಳಗಿಟ್ಟಿಲ್ಲವೆಂದು ಅಮ್ಮ ಇಣುಕಿದಾಗ ಫ್ಯಾನು ಕಟಕಟ ಎಂದು ತಿರುಗುತ್ತಲೇ ಇತ್ತು. ಅವರ ಸೆರಗಿನ ಸಿಪ್ಪೆ ಕೊಡವಿದವಳು ನನ್ನ ಅಮ್ಮ. ನಾನು ಅಹಮದಾಬಾದಿನಿಂದ ಬಂದು ತಲುಪಿದಾಗ ಎಲ್ಲ ಸಜ್ಜಾಗಿತ್ತು. ನನಗೆ ಅಳು ಬಂದದ್ದು ಆಗಲ್ಲ, ಮುಂದಿನ ವಾರ ಮನೆಗೆ ಬಂದು ಅಭ್ಯಾಸದಂತೆ ನೆಲಮಹಡಿಯಲ್ಲೇ ನಿಂತುಬಿಟ್ಟಾಗ.

ತೆರೆ ಈಗ ಸಂಘದ ಗೋಡೆಯಲ್ಲಿ ಕಾಯಂ ಆಗಿದೆ. ಇತ್ತೀಚೆಗೆ ಸೇರಿದ ಇಂಜಿನಿಯರ್ ಸದಸ್ಯರೊಬ್ಬರು, ಒಂದು ಗೆರೆ ಕಾಣುತ್ತಿಲ್ಲ, ಬಣ್ಣವನ್ನು ಆ ಚೌಕಕ್ಕೆ ಕಟ್ಟದೆ ನೇರ ಎರಡು ಚುಕ್ಕಿಗಳಿಗೇ ಕಟ್ಟಿದರೆ ಸರಿಹೋಗುತ್ತದೆ, ನಾನೇ ಮಾಡಿಕೊಡಲೇ ಎಂದು ಕೇಳಿದರು. ಗೊತ್ತು, ಹಾಗೇ ಇರಲಿ ಎಂದೆ. ಸೋಮಾರಿಯನ್ನು ನೋಡುವಂತೆ ನೋಡಿದರು. ಚಾಲ್ಶೆ.

ಮೇಡಂ ಅವರ ಶ್ರದ್ಧಾಂಜಲಿ ಸಭೆಗೆ ಅಕ್ಕ ಸೂರತ್ತಿನಿಂದ ಬಂದಿದ್ದರು. ಅವತ್ತು ಹೋಟೆಲಿಗೆ ಬೀಗ. ಭಾಷಣಗಳಾದವು, ಸೇವೆ ಎಂಬ ಪದ ಹಲವು ಸಲ ಬಂತು. ಅಕ್ಕನನ್ನೂ ಮೈಕಿಗೆ ಕರೆದರು, ಅವರು ಬೇಡವೆಂದು ತಲೆಯಾಡಿಸಿದರು. ಸಭೆ ಮುಗಿಯುತ್ತಿದ್ದಂತೆ ಎದ್ದು ನೇರ ತೆರೆಯ ಹತ್ತಿರ ಬಂದು ನನ್ನನ್ನು ಕರೆದರು.

“ನನ್ನ ಚುಕ್ಕಿ ಯಾವ್ದ್, ಹೆಣೆ?”

ತೋರಿಸಿದೆ. ಮೇಡಂ ಅವರದನ್ನೂ ತೋರಿಸಿದೆ. ಒಂದೇ ಸಾಲಿನಲ್ಲಿ ಇಬ್ಬರು, ನಡುವೆ ಖಾಲಿ.

“ಅವ್ರ್ ಹೇಳಿದ್ರ್, ಎಳದ್ರೆ ಕಾಣತ್ತ್ ಅಂತ.”

“ಹೌದು. ಯಾವುದಾದರೂ ಒಂದನ್ನು ಎಳೀಬೇಕು ಅಕ್ಕ. ಮೇಲಕ್ಕೋ, ಕೆಳಕ್ಕೋ.”

ಅಕ್ಕ ಕೈಯನ್ನು ಸೀರೆಗೆ ಒರೆಸಿಕೊಂಡರು. ಒಲೆಯ ಮುಂದೆ ಕಪ್ಪಾದ ಬೆರಳನ್ನು ತಮ್ಮ ಚುಕ್ಕಿಯ ಮೇಲಿಟ್ಟು ಕೆಳಕ್ಕೆ ಎಳೆದರು, ತೆರೆಯ ಅಂಚಿನವರೆಗೂ. ಗೆರೆ ಮೇಡಂ ಅವರ ಚುಕ್ಕಿಯಿಂದ ಅಷ್ಟುದ್ದಕ್ಕೂ ಇಳಿದು ಬಂತು. ಹಿಂದೆ ಜನ ಸೇರಿದ್ದರು. ಅಕ್ಕ ತಿರುಗಿ ನೋಡದೆಯೇ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು, “ನನ್ನ ಗಲ್ಲಾದಗೆ ಕೂತದ್ದ್ ಇವ್ರ್.”

ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, “ಕೈ ಬಿಟ್ರೆ ಹೋತ್ತ್, ಅಲ್ದಾ?”

“ಹೋಗುತ್ತೆ ಅಕ್ಕ.”

“ಹಾಂಗಾರೆ ಇನ್ನೊಂಚೂರ್ ಹೊತ್ತ್ ಹಿಡ್ಕಂತೆ” ಎಂದರು.